ಇನ್ನೊಂದ್ಸಲ ದೀಪ ಹಚ್ಚಿ ಸಾರ್

ಪೇಪರಿನಲ್ಲಿ ಬರುವ ಉದ್ಘಾಟನೆ ಫೋಟೋಗಳನ್ನು ಒಂದು ಸಲ ದಿಟ್ಟಿಸಿ ನೋಡಿ. ಮುಖ್ಯ ಅತಿಥಿಯ ಕೈಯಲ್ಲಿ ಮೇಣದಬತ್ತಿ ಇರುತ್ತದೆ, ಅದರ ತುದಿ ದೀಪದ ಬತ್ತಿಗೆ ತಾಗಿರುತ್ತದೆ. ಸುತ್ತ ನಿಂತ ಏಳೆಂಟು ಮಂದಿಯಲ್ಲಿ ಹೆಚ್ಚಿನವರು ದೀಪ ನೋಡುತ್ತಿದ್ದರೆ ಇಬ್ಬರು ಕ್ಯಾಮೆರಾ ನೋಡುತ್ತಿರುತ್ತಾರೆ. ಎಲ್ಲ ಸರಿ, ಆದರೆ ಬತ್ತಿ ಆಗಲೇ ಉರಿಯುತ್ತಿರುತ್ತದೆ! ನೀವು ನೋಡುತ್ತಿರುವುದು ಎರಡನೇ ಸಲ ಹಚ್ಚಿದ ದೀಪ.

ಜಿಲ್ಲಾ ಪುಟದ ಡೆಸ್ಕಿನಲ್ಲಿ ಕೆಲವು ವರ್ಷ ಕೂತಿದ್ದ ನನಗೆ ಇದರ ಹಿಂದಿನ ಕಥೆ ಗೊತ್ತು. ನಮ್ಮ ಫೋಟೋಗ್ರಾಫರ್‌ಗೆ ಬೆಳಗ್ಗೆ ಹತ್ತೂವರೆಗೆ ಟೌನ್‌ಹಾಲ್, ಅದೇ ಹತ್ತೂವರೆಗೆ ಕಾಲೇಜು, ಹನ್ನೊಂದಕ್ಕೆ ಡಿಸಿ ಆಫೀಸಿನ ಮುಂದೆ ಪ್ರತಿಭಟನೆ. ಬೈಕ್ ನಿಲ್ಲಿಸಿ ಓಡಿ ಬರುವಷ್ಟರಲ್ಲಿ ದೀಪ ಹಚ್ಚಿ ಮುಗಿದು ಸ್ವಾಗತ ಭಾಷಣ ಶುರುವಾಗಿರುತ್ತದೆ. ಆಗ ವೇದಿಕೆಯ ಬುಡದಿಂದ ಒಂದು ಕೂಗು: "ಸಾರ್, ಪೇಪರಿನವರು. ಇನ್ನೊಂದ್ಸಲ ದೀಪ ಹಚ್ಚಿ ಸಾರ್!" ಉರಿಯುವ ದೀಪ ಆರಿಸುವುದು ಅಪಶಕುನ, ಹಾಗಾಗಿ ಯಾರೂ ಆರಿಸುವುದಿಲ್ಲ. ಉರಿಯುತ್ತಿರುವ ಕುಡಿಗೇ ಮತ್ತೆ ಮೇಣದಬತ್ತಿ ಹಿಡಿಯುತ್ತಾರೆ. ಕ್ಲಿಕ್. "ಥ್ಯಾಂಕ್ಸ್ ಸಾರ್." ಬೈಕು ಕಾಲೇಜಿನ ಕಡೆಗೆ.

ಇದು ಸುಳ್ಳೇ? ದೀಪ ಹಚ್ಚಿದ್ದು ನಿಜ, ಹಚ್ಚಿದವರೂ ಅವರೇ, ಯಾರಿಗೂ ನಷ್ಟವಿಲ್ಲ. ಆದರೆ ಇದೇ ಫೋಟೋಗ್ರಾಫರ್ ನಾಳೆ ನೆರೆ ಬಂದ ಊರಿಗೆ ಹೋಗಿ, ಮನೆ ಕಳೆದುಕೊಂಡವರೊಬ್ಬರಿಗೆ "ಅಜ್ಜೀ, ಹಂಗೇ ಇನ್ನೊಂದ್ಸಲ ತಲೆ ಮೇಲೆ ಕೈ ಇಟ್ಕೊಳ್ಳಿ" ಅಂದರೆ? ಅಭ್ಯಾಸ ಒಂದೇ, ಜಾಗ ಮಾತ್ರ ಬೇರೆ. ದೊಡ್ಡ ಸುದ್ದಿಸಂಸ್ಥೆಗಳ ನಿಯಮ ಇಲ್ಲಿ ಸ್ಪಷ್ಟವಾಗಿದೆ: ಭಾವಚಿತ್ರಕ್ಕೆ ಕೂರಿಸಬಹುದು, ಕೂರಿಸಿ ತೆಗೆದದ್ದೆಂದು ನೋಡುವವರಿಗೆ ತಿಳಿಯುವಂತಿರಬೇಕು, ನಡೆಯುತ್ತಿರುವ ಘಟನೆಗೆ ಫೋಟೋಗ್ರಾಫರ್ ನಿರ್ದೇಶಕನಾಗಬಾರದು.

ನಿಯಮ ಹೇಳುವುದು ಸುಲಭ, ಅದು ಮುರಿಯುವ ಜಾಗ ಮಾತ್ರ ವಿಚಿತ್ರ. 2015ರಲ್ಲಿ ಇಟಲಿಯ ಜೊವಾನ್ನಿ ಟ್ರೊಯಿಲೊ ಎಂಬ ಛಾಯಾಗ್ರಾಹಕರಿಗೆ ಸುದ್ದಿಚಿತ್ರಗಳ ಅಂತರರಾಷ್ಟ್ರೀಯ ಸ್ಪರ್ಧೆಯಾದ ವರ್ಲ್ಡ್ ಪ್ರೆಸ್ ಫೋಟೋದ ಪ್ರಶಸ್ತಿ ಬಂತು. ಬೆಲ್ಜಿಯಂನ ಶಾರ್ಲರುವಾ ಪಟ್ಟಣದ ಕತ್ತಲ ಬದುಕಿನ ಸರಣಿ ಅದು. ಅದರಲ್ಲಿ ಒಂದು ಚಿತ್ರ ಅವರ ಸ್ವಂತ ಸೋದರ ಸಂಬಂಧಿಯದು. ಕಾರಿನೊಳಗೆ ಫ್ಲಾಶ್ ಇಟ್ಟು, ಮೊದಲೇ ಹೇಳಿಟ್ಟು ತೆಗೆದದ್ದು. ದೊಡ್ಡ ಗಲಾಟೆಯಾಯಿತು. ಆದರೆ ಪ್ರಶಸ್ತಿ ಹೋದದ್ದು ಆ ಕಾರಣಕ್ಕಲ್ಲ. ಸರಣಿಯ ಇನ್ನೊಂದು ಚಿತ್ರ ಶಾರ್ಲರುವಾದ್ದಲ್ಲ, ಬ್ರಸೆಲ್ಸ್‌ನದು ಎಂದು ಗೊತ್ತಾಯಿತು. ಊರಿನ ಹೆಸರು ತಪ್ಪು ಕೊಟ್ಟದ್ದಕ್ಕೆ ಪ್ರಶಸ್ತಿ ವಾಪಸ್. ನಾನು ಈ ಲೇಖನದಲ್ಲಿ ಹೇಳಹೊರಟದ್ದು ಇದನ್ನೇ. ಫೋಟೋ ಸುಳ್ಳು ಹೇಳಿತು ಅಂದ ತಕ್ಷಣ ನಮಗೆ ಫೋಟೋಶಾಪ್ ನೆನಪಾಗುತ್ತದೆ. ಡೆಸ್ಕಿನಲ್ಲಿ ಕೂತು ನಾನು ಕಂಡ ಹಾಗೆ, ಹೆಚ್ಚಿನ ಸಲ ಸುಳ್ಳು ಹುಟ್ಟುವುದು ಫೋಟೋದ ಕೆಳಗಿನ ಒಂದೂವರೆ ಸಾಲಿನಲ್ಲಿ.

ಆದರೂ ಫೋಟೋಶಾಪಿನ ಲೆಕ್ಕ ಮೊದಲು ಮುಗಿಸೋಣ. ಸುದ್ದಿಚಿತ್ರವನ್ನು ಎಷ್ಟು ತಿದ್ದಬಹುದು? ಅಂಚು ಕತ್ತರಿಸಬಹುದು, ಬೆಳಕು ಕತ್ತಲೆ ಹದ ಮಾಡಬಹುದು, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ತೆಗೆಯಬಹುದು. ಡಾರ್ಕ್‌ರೂಮ್ ಕಾಲದಲ್ಲೂ ಇಷ್ಟಿತ್ತು: ಎನ್‌ಲಾರ್ಜರ್ ಬೆಳಕಿಗೆ ಅಂಗೈ ಅಡ್ಡ ಹಿಡಿದರೆ ಆ ಭಾಗ ತಿಳಿಯಾಗುತ್ತದೆ, ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಗಾಢವಾಗುತ್ತದೆ. ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ. ಅಷ್ಟೇ ನಿಯಮ.

ಈ ಅಷ್ಟನ್ನು ಮೀರಿ ಕೆಲಸ ಕಳೆದುಕೊಂಡವರ ಪಟ್ಟಿ ಉದ್ದವಿದೆ. 2003ರಲ್ಲಿ ಇರಾಕ್ ಯುದ್ಧಕ್ಕೆ ಹೋಗಿದ್ದ ಲಾಸ್ ಏಂಜಲೀಸ್ ಟೈಮ್ಸ್‌ನ ಬ್ರಯಾನ್ ವಾಲ್ಸ್ಕಿ ಬಸ್ರಾ ಹತ್ತಿರ ತೆಗೆದ ಎರಡು ಫೋಟೋ ಬೆರೆಸಿ ಒಂದು ಮಾಡಿದರು. ಒಂದರಲ್ಲಿ ಸೈನಿಕನ ಭಂಗಿ ಚೆನ್ನಾಗಿತ್ತು, ಇನ್ನೊಂದರಲ್ಲಿ ಮಗು ಎತ್ತಿಕೊಂಡ ಮನುಷ್ಯ ಚೆನ್ನಾಗಿದ್ದ. ಹಿಂದೆ ಕೂತ ಜನರಲ್ಲಿ ಕೆಲವರು ಎರಡೆರಡು ಸಲ ಕಾಣಿಸಿಕೊಂಡದ್ದರಿಂದ ಸಿಕ್ಕಿಬಿದ್ದರು. 2006ರಲ್ಲಿ ಬೈರೂತ್ ಮೇಲಿನ ಬಾಂಬ್ ದಾಳಿಯ ಹೊಗೆಯನ್ನು ಛಾಯಾಗ್ರಾಹಕ ಅದ್ನಾನ್ ಹಜ್ ನಕಲು ಮಾಡಿ ಇನ್ನಷ್ಟು ದಟ್ಟಗೊಳಿಸಿದರು. ಸುದ್ದಿಸಂಸ್ಥೆ ರಾಯಿಟರ್ಸ್ ಅವರ 920 ಚಿತ್ರಗಳನ್ನೂ ಹಿಂತೆಗೆದುಕೊಂಡಿತು.

ನನ್ನನ್ನು ಹೆಚ್ಚು ಕಾಡುವುದು ನಾರ್ಸಿಸೊ ಕಾಂಟ್ರೆರಾಸ್ ಪ್ರಕರಣ. ಸಿರಿಯಾ ಯುದ್ಧದ ಚಿತ್ರಗಳಿಗೆ 2013ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಪಡೆದ ಎಪಿ (ಅಸೋಸಿಯೇಟೆಡ್ ಪ್ರೆಸ್) ಸುದ್ದಿಸಂಸ್ಥೆಯ ತಂಡದಲ್ಲಿದ್ದವರು. ಬಂದೂಕು ಹಿಡಿದು ಬಂಡೆಗಳ ನಡುವೆ ಅಡಗಿ ಕೂತ ಹೋರಾಟಗಾರನ ಚಿತ್ರವೊಂದರಲ್ಲಿ ಮೂಲೆಯಲ್ಲಿ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾ ಬಿದ್ದಿತ್ತು. ಕಣ್ಣಿಗೆ ಕಿರಿಕಿರಿ ಅನಿಸಿ ಅದರ ಮೇಲೆ ಪಕ್ಕದ ನೆಲವನ್ನೇ ನಕಲು ಮಾಡಿ ಮುಚ್ಚಿದರು. ಯುದ್ಧದ ಸತ್ಯಕ್ಕೆ ಅದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಪಿ ಅವರ ಸುಮಾರು 500 ಚಿತ್ರ ಜಾಲಾಡಿತು, ಇನ್ನೊಂದು ತಪ್ಪೂ ಸಿಗಲಿಲ್ಲ. ಆದರೂ 2014ರ ಜನವರಿಯಲ್ಲಿ ಸಂಬಂಧ ಕಡಿದುಕೊಂಡಿತು. ಕ್ರೂರ ಅನಿಸುತ್ತದೆ. ಆದರೆ ಕೋರ್ಟಿನಲ್ಲಿ ಸಾಕ್ಷಿಯೊಬ್ಬ "ಒಂದೇ ಒಂದು ಸಣ್ಣ ವಿಷಯ ಬದಲಿಸಿ ಹೇಳಿದೆ, ಉಳಿದದ್ದೆಲ್ಲ ನಿಜ" ಅಂದರೆ ಉಳಿದದ್ದನ್ನು ಯಾರು ನಂಬುತ್ತಾರೆ? ಏಜೆನ್ಸಿ ಮಾರುವುದು ಚಿತ್ರವನ್ನಲ್ಲ, ನಂಬಿಕೆಯನ್ನು.

ಬೆಳಕು ಕತ್ತಲೆಯ ಹದವೇ ಮಿತಿ ಮೀರಿದರೆ ಅದೂ ಸುಳ್ಳಾಗುತ್ತದೆ. 1994ರ ಜೂನ್‌ನಲ್ಲಿ ಕೊಲೆ ಆರೋಪಕ್ಕೆ ಸಿಲುಕಿದ್ದ ಅಮೆರಿಕದ ಮಾಜಿ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್‌ರ ಪೊಲೀಸ್ ಫೋಟೋವನ್ನು ಟೈಮ್ ಪತ್ರಿಕೆ ಮುಖಪುಟದಲ್ಲಿ ಕಪ್ಪಗೆ ಮಾಡಿ ಹಾಕಿತು. ಅದೇ ವಾರ ನ್ಯೂಸ್‌ವೀಕ್ ಅದೇ ಫೋಟೋವನ್ನು ಇದ್ದ ಹಾಗೇ ಹಾಕಿತ್ತು. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕ! ಏನನ್ನೂ ಸೇರಿಸಿಲ್ಲ, ಏನನ್ನೂ ಅಳಿಸಿಲ್ಲ, ಆದರೂ ಒಬ್ಬ ಕಪ್ಪು ಮನುಷ್ಯನನ್ನು ಇನ್ನಷ್ಟು ಕಪ್ಪಾಗಿಸಿ ತೋರಿಸಿದ್ದರ ಅರ್ಥ ಎಲ್ಲರಿಗೂ ಗೊತ್ತಾಯಿತು. ಈಗ ದೊಡ್ಡ ಸ್ಪರ್ಧೆಗಳು ಕೊನೆಯ ಸುತ್ತಿಗೆ ಬಂದವರಿಂದ ರಾ ಫೈಲ್ ಕೇಳುತ್ತವೆ. ರಾ ಅಂದರೆ ಕ್ಯಾಮೆರಾ ಕಂಡದ್ದು, ಇನ್ನೂ ಬೇಯಿಸದ ಅಕ್ಕಿಯ ಹಾಗೆ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೋದಲ್ಲಿ ಕೊನೆಯ ಹಂತದ ಹತ್ತಿರ ಬಂದ ಚಿತ್ರಗಳಲ್ಲಿ ಸುಮಾರು 20% ಹೀಗೆ ಪರೀಕ್ಷೆಯಲ್ಲಿ ಹೊರಬಿದ್ದವು.

ಎಐ ಬಂದ ಮೇಲೆ ಕಥೆ ಬದಲಾಗಿದೆ, ಏಕೆಂದರೆ ಈಗ ಸುಳ್ಳು ಮಾಡಲು ಫೋಟೋಗ್ರಾಫರ್ ಆಗಿರಬೇಕಿಲ್ಲ. 2023ರ ಮೇ 28, ಹೊಸ ಸಂಸತ್ ಭವನದ ಉದ್ಘಾಟನೆಯ ದಿನ. ದೆಹಲಿಯಲ್ಲಿ ಪ್ರತಿಭಟಿಸುತ್ತಿದ್ದ ಕುಸ್ತಿಪಟುಗಳನ್ನು ಪೊಲೀಸರು ವಶಕ್ಕೆ ಪಡೆದರು. ಪೊಲೀಸ್ ವಾಹನದೊಳಗೆ ಕೂತ ವಿನೇಶ್ ಮತ್ತು ಸಂಗೀತಾ ಫೋಗಟ್ ಇರುವ ಸೆಲ್ಫಿಯಲ್ಲಿ ಮುಖಗಳು ಬಿಗಿದುಕೊಂಡಿದ್ದವು. ಕೆಲವೇ ಗಂಟೆಗಳಲ್ಲಿ ಅದೇ ಚಿತ್ರ, ಅದೇ ಸೀಟು, ಅದೇ ಕಿಟಕಿ, ಆದರೆ ಎಲ್ಲರ ಮುಖದಲ್ಲೂ ನಗು! "ನೋಡಿ, ಇವರದ್ದೆಲ್ಲ ನಾಟಕ" ಎಂಬ ಸಾಲಿನೊಂದಿಗೆ ಅದು ಹರಿದಾಡಿತು. ಮೊಬೈಲ್ ಆ್ಯಪ್‌ನಲ್ಲಿ ನಗು ಅಂಟಿಸಿದ್ದೆಂದು ಗೊತ್ತಾಗುವಷ್ಟರಲ್ಲಿ ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಅಂಟಿಸಿದ ನಗು ಒಬ್ಬೊಬ್ಬರದೂ ಒಂದೇ ತರ ಇತ್ತು ಎನ್ನುವುದನ್ನು ಗಮನಿಸಿದವರು ಕಡಿಮೆ. ಗಮನಿಸಿ ನೋಡುವ ಅಭ್ಯಾಸ ನಮಗೆ ಮದುವೆ ಆಲ್ಬಮ್ಮಿಗೆ ಮಾತ್ರ.

ಇದಕ್ಕೊಂದು ತಾಂತ್ರಿಕ ಮದ್ದು ಬಂದಿದೆ, ಹೆಸರು ಕಂಟೆಂಟ್ ಕ್ರೆಡೆನ್ಷಿಯಲ್ಸ್. ಕ್ಲಿಕ್ ಮಾಡಿದ ಕ್ಷಣವೇ ಕ್ಯಾಮೆರಾ ಆ ಫೈಲಿಗೆ ಡಿಜಿಟಲ್ ಸಹಿ ಹಾಕುತ್ತದೆ. ಆಮೇಲೆ ಏನೇನು ತಿದ್ದಿದರೋ ಅದೂ ಜಮೀನಿನ ಪಹಣಿಯಲ್ಲಿ ದಾಖಲಾದ ಹಾಗೆ ಸೇರುತ್ತ ಹೋಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ ಲೈಕಾ ಎಂ11-ಪಿ ಇದನ್ನು ಒಳಗೊಂಡ ಮೊದಲ ಕ್ಯಾಮೆರಾ. ಒಳ್ಳೆಯದೇ. ಆದರೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ ಕೂಡಲೇ ಇಂಥ ಮಾಹಿತಿ ಉದುರಿಹೋಗುತ್ತದೆ, ನಮ್ಮ ಜಿಲ್ಲಾ ಡೆಸ್ಕಿಗೆ ಅರ್ಧ ಫೋಟೋ ಬರುವುದೇ ವಾಟ್ಸಾಪಿನಲ್ಲಿ. ಇನ್ನೂ ದೊಡ್ಡ ಮಿತಿ ಬೇರೆ ಇದೆ. ಈ ಸಹಿ "ಇದು ಕ್ಯಾಮೆರಾದಿಂದಲೇ ಬಂತು" ಎನ್ನುತ್ತದೆ. ಚಿತ್ರದ ಕೆಳಗೆ ಬರೆದದ್ದು ನಿಜವೇ ಎಂಬುದಕ್ಕೆ ಅದರ ಹತ್ತಿರ ಉತ್ತರವಿಲ್ಲ.

ಕೆಳಗೆ ಬರೆದದ್ದು ಏನು ಮಾಡಬಲ್ಲದು ಎನ್ನುವುದಕ್ಕೆ ಛಾಯಾಗ್ರಾಹಕ ಕೆವಿನ್ ಕಾರ್ಟರ್ ಕಥೆಗಿಂತ ದೊಡ್ಡ ಉದಾಹರಣೆ ಬೇಡ. ಕುಸಿದು ಕೂತ ಮಗು, ಹಿಂದೆ ಕಾಯುತ್ತಿರುವ ರಣಹದ್ದು. ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಇದು ವರ್ಷಕ್ಕೆರಡು ಸಲ ಬಂದೇ ಬರುತ್ತದೆ: ಅವನು ಫೋಟೋ ತೆಗೆದು ಮಗುವನ್ನು ಹದ್ದಿಗೆ ಬಿಟ್ಟು ಹೋದ, ಯಾರೋ ಒಬ್ಬರು "ಅಲ್ಲಿ ಎರಡು ಹದ್ದುಗಳಿದ್ದವು, ಒಂದರ ಕೈಯಲ್ಲಿ ಕ್ಯಾಮೆರಾ ಇತ್ತು" ಅಂದರು, ಅದೇ ಕೊರಗಿನಲ್ಲಿ ಪ್ರಾಣ ಕಳೆದುಕೊಂಡ. ಕಣ್ಣೀರು ಬರುವ ಕಥೆ, ಮುಕ್ಕಾಲು ಕಟ್ಟುಕಥೆ.

ನಡೆದದ್ದು ಹೀಗೆ. 1993ರ ಮಾರ್ಚ್, ಸುಡಾನಿನ ಆಯೊಡ್, ಬರಗಾಲ. ಹತ್ತಿರದಲ್ಲೇ ಆಹಾರ ವಿತರಣಾ ಕೇಂದ್ರವಿತ್ತು; ಮಗುವಿನ ಕೈಯಲ್ಲಿ ಆ ಕೇಂದ್ರದವರು ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಚಿತ್ರದಲ್ಲೇ ಕಾಣುತ್ತದೆ. ಕಾರ್ಟರ್ ಹದ್ದನ್ನು ಓಡಿಸಿದರು. ಮಾರ್ಚ್ 26ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಚಿತ್ರ ಬಂದಾಗ ಮಗು ಏನಾಯಿತೆಂದು ಕೇಳಿ ಓದುಗರು ಮುಗಿಬಿದ್ದರು. ಮಗು ಚೇತರಿಸಿಕೊಂಡು ನಡೆಯತೊಡಗಿತ್ತು, ಕೇಂದ್ರ ತಲುಪಿತೋ ಇಲ್ಲವೋ ಗೊತ್ತಿಲ್ಲ ಎಂದು ಪತ್ರಿಕೆ ಟಿಪ್ಪಣಿ ಹಾಕಿತು. 2011ರಲ್ಲಿ ಸ್ಪೇನಿನ ಎಲ್ ಮುಂಡೊ ಪತ್ರಿಕೆಯವರು ಆ ಊರಿಗೇ ಹೋಗಿ ಹುಡುಕಿದಾಗ ತಿಳಿದದ್ದು: ಎಲ್ಲರೂ ಹೆಣ್ಣೆಂದುಕೊಂಡಿದ್ದ ಅದು ಗಂಡು ಮಗು, ಆ ಬರಗಾಲದಲ್ಲಿ ಬದುಕಿಕೊಂಡಿತ್ತು, ಎಷ್ಟೋ ವರ್ಷಗಳ ನಂತರ ಜ್ವರದಿಂದ ತೀರಿಕೊಂಡಿತು ಎಂದು ಮಗುವಿನ ತಂದೆ ಹೇಳಿದರು. ಇನ್ನು ಕಾರ್ಟರ್. 1994ರ ಏಪ್ರಿಲ್‌ನಲ್ಲಿ ಅವರ ಆಪ್ತ ಗೆಳೆಯ, ಛಾಯಾಗ್ರಾಹಕ ಕೆನ್ ಊಸ್ಟರ್‌ಬ್ರೂಕ್ ಗುಂಡೇಟಿಗೆ ಬಲಿಯಾಗಿದ್ದರು. ಸಾಲವಿತ್ತು, ಕಂಡ ಕೊಲೆಗಳ ನೆನಪಿತ್ತು. ಜುಲೈನಲ್ಲಿ ಅವರು ಬದುಕು ಮುಗಿಸಿಕೊಂಡರು. ಒಂದು ಫೋಟೋದ ಪಾಪಕ್ಕೆ ಒಂದು ಸಾವು ಎಂಬ ಲೆಕ್ಕ ವಾಟ್ಸಾಪಿಗೆ ಹಿತ, ಬದುಕಿಗಲ್ಲ. ಚಿತ್ರದ ಒಂದು ಪಿಕ್ಸೆಲ್ಲನ್ನೂ ಯಾರೂ ಮುಟ್ಟಿಲ್ಲ, ಆದರೂ ಮೂವತ್ತು ವರ್ಷದಿಂದ ಅದು ಸುಳ್ಳು ಹೇಳುತ್ತಿದೆ.

ಕಾರ್ಟರ್ ಕಥೆ ಕಳಿಸುವವರನ್ನು ಬೈಯಲು ನನಗೂ ಅಷ್ಟೊಂದು ಹಕ್ಕಿಲ್ಲ. ಒಂದು ಮಳೆಗಾಲ, ರಾತ್ರಿ ಹನ್ನೊಂದು, ಪುಟ ಬಿಡಲು ಹತ್ತು ನಿಮಿಷ. ಮುಳುಗಿದ ಸೇತುವೆಯ ಭರ್ಜರಿ ಚಿತ್ರವೊಂದು ಫೋನಿಗೆ ಬಂತು. ಮೇಲೆ ಎರಡು ಬಾಣದ ಗುರುತು, ಅಂದರೆ ಹಲವು ಸಲ ಫಾರ್ವರ್ಡ್ ಆದದ್ದು. ನೋಡಿಯೂ ನೋಡದ ಹಾಗೆ ನಾಲ್ಕು ಕಾಲಂನಲ್ಲಿ ಹಾಕಿದೆ. "ಮಂಗಳವಾರ ಮುಳುಗಡೆಯಾದ ಸೇತುವೆ" ಎಂದು ಬರೆದದ್ದು ನನ್ನದೇ ಕೈ. ಬೆಳಗ್ಗೆ ಏಳಕ್ಕೆ ಓದುಗರೊಬ್ಬರ ಫೋನು: "ಸಾರ್, ಆ ಸೇತುವೆ ಹೋದ ವರ್ಷವೇ ಕೆಡವಿ ಹಾಕಿದ್ರಲ್ಲ, ಮುಳುಗಿದ್ದು ಯಾವುದು?" ಮರುದಿನ ಒಳಪುಟದಲ್ಲಿ ಎರಡು ಸಾಲಿನ ವಿಷಾದ. ಅಂದಿನಿಂದ ಕಳಿಸಿದವರಿಗೆ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ನೀವೇ ತೆಗೆದಿದ್ದಾ? ಇದೇ ಜಾಗದ್ದು ಇನ್ನೊಂದು ಕಳಿಸಿ." ಸ್ವಂತ ತೆಗೆದವರ ಹತ್ತಿರ ಎರಡನೆಯದು ಇದ್ದೇ ಇರುತ್ತದೆ.

"ಸಾಂದರ್ಭಿಕ ಚಿತ್ರ" ಎಂಬ ಎರಡು ಪದಗಳ ಬಗ್ಗೆಯೂ ಒಂದು ಮಾತು. ರೈತನ ಆತ್ಮಹತ್ಯೆಯ ಸುದ್ದಿಗೆ ಯಾವತ್ತೋ ತೆಗೆದ, ಹೊಲದಲ್ಲಿ ತಲೆ ಮೇಲೆ ಕೈಹೊತ್ತು ಕೂತ ಯಾರದೋ ಚಿತ್ರ ಹಾಕಿ ಕೆಳಗೆ ಸಣ್ಣಕ್ಷರದಲ್ಲಿ ಇದನ್ನು ಬರೆದರೆ ನಮ್ಮ ಕೈ ತೊಳೆದಂತೆ. ಆದರೆ ಆ ಮನುಷ್ಯ ಬದುಕಿದ್ದಾನೆ, ಅವನಿಗೆ ಊರಿದೆ, ಆ ಊರಿಗೂ ಪೇಪರ್ ಹೋಗುತ್ತದೆ.

ಚಿತ್ರದೊಳಗಿನ ಮನುಷ್ಯನ ಪಾಡು ಎಂದಾಗ ಗುಜರಾತಿನ ಒಂದು ಚಿತ್ರ ನೆನಪಾಗದೆ ಇರದು. 2002ರ ಮಾರ್ಚ್, ಅಹಮದಾಬಾದ್, ಕೋಮುಗಲಭೆ. ಕೈ ಮುಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಕಾಪಾಡಿ ಎಂದು ಭದ್ರತಾ ಪಡೆಯವರನ್ನು ಬೇಡುತ್ತಿರುವ ಯುವಕ. ತೆಗೆದವರು ರಾಯಿಟರ್ಸ್‌ನ ಅರ್ಕೊ ದತ್ತ. ಚಿತ್ರ ಸಾಚಾ, ತೆಗೆದ ರೀತಿಯಲ್ಲಿ ತಪ್ಪಿಲ್ಲ, ಅದು ಜಗತ್ತಿಗೆ ಹೇಳಬೇಕಾದದ್ದನ್ನು ಹೇಳಿತು. ಆದರೆ ಆತ ಒಬ್ಬ ದರ್ಜಿ. ಆ ಮುಖ ಗುರುತು ಸಿಕ್ಕಿದಲ್ಲೆಲ್ಲ ಕೆಲಸ ಹೋಯಿತು. ಮಾಲೆಗಾಂವ್‌ಗೆ ಹೋದರು, ಕೋಲ್ಕತ್ತಕ್ಕೆ ಹೋದರು, ಕೊನೆಗೆ ಅಹಮದಾಬಾದಿಗೇ ವಾಪಸ್ ಬಂದರು. ರಾಜಕೀಯದವರು ಆ ಮುಖವನ್ನು ಪೋಸ್ಟರಿಗೆ ಹಾಕಿದರು. ದಯವಿಟ್ಟು ನನ್ನ ಚಿತ್ರ ಬಳಸಬೇಡಿ ಎಂದು ಅವರು ಮತ್ತೆ ಮತ್ತೆ ಕೇಳಿಕೊಳ್ಳಬೇಕಾಯಿತು. ಹೆಸರು ಹುಡುಕಿದರೆ ಯಾರಿಗೂ ಸಿಗುತ್ತದೆ. ನಾನು ಇಲ್ಲಿ ಬರೆಯುತ್ತಿಲ್ಲ.

ಭೋಪಾಲದ ಮಗುವಿನದು ಇದಕ್ಕೆ ತದ್ವಿರುದ್ಧ. 1984ರ ಡಿಸೆಂಬರ್‌ನಲ್ಲಿ ಮಣ್ಣು ಮಾಡುವಾಗ ತೆಗೆದ ಆ ಪುಟ್ಟ ಮುಖವನ್ನು ರಘು ರೈ ಕಪ್ಪುಬಿಳುಪಿನಲ್ಲೂ ಪಾಬ್ಲೊ ಬಾರ್ತಲೋಮ್ಯು ಬಣ್ಣದಲ್ಲೂ ತೆಗೆದರು. ಅನಿಲ ದುರಂತ ಅಂದರೆ ಇಂದಿಗೂ ಕಣ್ಣ ಮುಂದೆ ಬರುವುದು ಆ ಮುಖ. ಅದಕ್ಕೆ ಹೆಸರೇ ಇಲ್ಲ.

ಕೆಲವು ಕಡೆ ಆಯ್ಕೆಯನ್ನು ಕಾನೂನೇ ಮಾಡಿಟ್ಟಿದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ, ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಕಲಂ, ಕಾನೂನಿನ ಸಂಘರ್ಷಕ್ಕೊಳಗಾದ ಮಕ್ಕಳಿಗೂ ಸೇರಿ ಬಾಲನ್ಯಾಯ ಕಾಯ್ದೆಯ 74ನೇ ಕಲಂ. ಮುಖ ಮಸುಕು ಮಾಡಿದರೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಶಾಲೆಯ ಯೂನಿಫಾರಂ, ಮನೆಯ ಬಾಗಿಲು, ಪಕ್ಕದಲ್ಲಿ ನಿಂತ ಅಪ್ಪನ ಮುಖ, ಇವೆಲ್ಲ ಗುರುತೇ. ಕಣ್ಣಿಗೆ ಕಪ್ಪುಪಟ್ಟಿ ಹಾಕಿದ ಹುಡುಗಿಯನ್ನು ಅವಳ ಬೀದಿಯವರು ಚಪ್ಪಲಿ ನೋಡಿ ಹೇಳುತ್ತಾರೆ.

ಇಷ್ಟೆಲ್ಲ ಹೊಣೆ ಹೊರುವವನ ಹೊಟ್ಟೆಪಾಡು ಏನು? 2013ರ ಮೇ 30ರಂದು ಷಿಕಾಗೊ ಸನ್-ಟೈಮ್ಸ್ ತನ್ನ ಎಲ್ಲ 28 ಪೂರ್ಣಾವಧಿ ಫೋಟೋಗ್ರಾಫರುಗಳನ್ನು ಒಂದೇ ದಿನ ಮನೆಗೆ ಕಳಿಸಿ, ವರದಿಗಾರರ ಕೈಗೆ ಐಫೋನ್ ಕೊಟ್ಟಿತು. ಮನೆಗೆ ಹೋದವರಲ್ಲಿ ಪುಲಿಟ್ಜರ್ ವಿಜೇತ ಜಾನ್ ವೈಟ್ ಕೂಡ ಇದ್ದರು. ನಮ್ಮಲ್ಲಿ ಅಷ್ಟು ಸದ್ದು ಮಾಡದೆ ಅದೇ ಆಗಿದೆ. ತಾಲ್ಲೂಕು ಮಟ್ಟದಲ್ಲಿ ವರದಿಗಾರನೇ ಫೋಟೋಗ್ರಾಫರ್. ಜಿಲ್ಲೆಯ ಫೋಟೋಗ್ರಾಫರಿಗೆ ಪೇಪರ್ ಕೊಡುವುದು ಗುರುತಿನ ಚೀಟಿ ಮತ್ತು ಪೆಟ್ರೋಲಿಗಾಗುವಷ್ಟು, ಮನೆ ನಡೆಸುವುದು ಮದುವೆ ಸೀಸನ್ನು.

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಲೆನ್ಸಿನ ಬೆಲೆ ಬಾಯಿಪಾಠ, ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಗೊತ್ತಿರುವುದಿಲ್ಲ. ನೀವು ಪತ್ರಿಕೆಯ ನೌಕರರಾಗಿದ್ದು ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು, ಉಳಿದ ಹಕ್ಕು ನಿಮ್ಮದು. ಹೊರಗಿನವರು ದುಡ್ಡು ಕೊಟ್ಟು "ಹೋಗಿ ತೆಗೆದುಕೊಂಡು ಬಾ" ಅಂದಿದ್ದರೆ ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಹಕ್ಕು ದುಡ್ಡು ಕೊಟ್ಟವರದು. ನೀವಾಗಿ ಹೋಗಿ ತೆಗೆದು ಆಮೇಲೆ ಮಾರಿದರೆ ನಿಮ್ಮದು. ತೆಗೆದವರು ಬದುಕಿದ್ದಾಗ ಪ್ರಕಟವಾದ ಚಿತ್ರಕ್ಕೆ ಈ ಹಕ್ಕು ಅವರ ಜೀವಮಾನವಿಡೀ, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಒಂದು ಸಾಲಿನ ಇ-ಮೇಲ್ ಒಪ್ಪಂದ ಮಾಡಿಟ್ಟುಕೊಂಡವರು ಮುಂದೆ ಪರದಾಡುವುದಿಲ್ಲ.

ಫೋಟೋದ ಕೆಳಗೆ ಹೆಸರು ಹಾಕಿಸಿಕೊಳ್ಳುವುದೂ ಚಿಲ್ಲರೆ ವಿಷಯವಲ್ಲ. ವಿಯೆಟ್ನಾಂನಲ್ಲಿ 1972ರ ಜೂನ್ 8ರಂದು ತೆಗೆದ, ನೇಪಾಮ್ ಬೆಂಕಿಯಿಂದ ಬೆತ್ತಲೆ ಓಡಿ ಬರುವ ಹುಡುಗಿಯ ಚಿತ್ರಕ್ಕೆ ಐವತ್ತು ವರ್ಷ ಎಪಿಯ ಫೋಟೋಗ್ರಾಫರ್ ನಿಕ್ ಉಟ್ ಹೆಸರಿತ್ತು. ಅದನ್ನು ತೆಗೆದದ್ದು ಅವರಲ್ಲ, ಅಂದು ಅಲ್ಲಿದ್ದ ಒಬ್ಬ ಸ್ಟ್ರಿಂಗರ್ (ನೌಕರನಲ್ಲದೆ ಹೊರಗಿನಿಂದ ಚಿತ್ರ ಕೊಡುವವ) ಎಂಬ ವಾದ ಎದ್ದಿತು. 2025ರ ಮೇನಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಆ ಹೆಸರನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಬದಲಿಸಲು ಸಾಕಷ್ಟು ಪುರಾವೆಯಿಲ್ಲ ಎಂದು ಎಪಿ ಉಟ್ ಹೆಸರನ್ನೇ ಉಳಿಸಿಕೊಂಡಿದೆ. ಯಾರು ಸರಿ ಎಂದು ತೀರ್ಪು ಕೊಡಲು ನಾನು ಯಾರು? ಆದರೆ ಈ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ನಮ್ಮ ತಾಲ್ಲೂಕುಗಳಿಂದ ಬಂದು "ಪತ್ರಿಕೆಯ ಚಿತ್ರ" ಎಂದಷ್ಟೇ ಅಚ್ಚಾದ ನೂರಾರು ಫೋಟೋಗಳು.

ಅಪಾಯದ ಮಾತು ಬೇರೆ. ರಾಯಿಟರ್ಸ್‌ನ ದಾನಿಶ್ ಸಿದ್ದಿಕಿ 2021ರ ಏಪ್ರಿಲ್‌ನಲ್ಲಿ ದೆಹಲಿಯ ಸ್ಮಶಾನದಲ್ಲಿ ಕೋವಿಡ್‌ನಿಂದ ಸತ್ತವರ ಸಾಲು ಚಿತೆಗಳನ್ನು ಆಕಾಶದಿಂದ ತೆಗೆದು ತೋರಿಸಿದಾಗ ಸತ್ತವರ ಖಾಸಗಿತನ ಹರಾಜು ಹಾಕಿದರೆಂದು ಬೈದವರಿದ್ದರು. ಅಷ್ಟು ಎತ್ತರದಿಂದ ಒಂದು ಮುಖವೂ ಕಾಣುವುದಿಲ್ಲ, ಬೆಂಕಿಯ ಲೆಕ್ಕ ಮಾತ್ರ ಸಿಗುತ್ತದೆ. ಅದಾಗಿ ಮೂರು ತಿಂಗಳು ತುಂಬುವ ಮೊದಲೇ, ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಅವರು ಹತರಾದರು. ಮರುವರ್ಷದ ಪುಲಿಟ್ಜರ್ ಪಡೆದ ತಂಡದಲ್ಲಿ ಅವರ ಹೆಸರಿತ್ತು.

ಕಸುಬಿನ ವಿಷಯಕ್ಕೆ ಬಂದರೆ ಯುದ್ಧಭೂಮಿಗೇ ಹೋಗಬೇಕಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೆ ಚಿತ್ರ ತೆಗೆದವರು. ಅವರ ಚಿತ್ರಗಳಲ್ಲಿ ಇರುವುದು ಶಾಲೆಯ ಮಕ್ಕಳು, ಬೀದಿಯ ಜನ, ನಮ್ಮ ನಿಮ್ಮ ಮನೆಯವರಂಥವರು. ಅವರ ಮಕ್ಕಳ ಚಿತ್ರ ನೋಡಿದರೆ ಕ್ಯಾಮೆರಾ ಅಲ್ಲಿತ್ತು ಎನ್ನುವುದೇ ಮಕ್ಕಳಿಗೆ ಮರೆತುಹೋದಂತಿದೆ. ಹಾಗೆ ಮರೆಯಬೇಕಾದರೆ ಆತ ಅಲ್ಲಿ ಎಷ್ಟು ಹೊತ್ತು ಸುಮ್ಮನೆ ಕೂತಿರಬೇಕು! ಮೂರು ಕಾರ್ಯಕ್ರಮಕ್ಕೆ ಒಂದು ಗಂಟೆ ಕೊಟ್ಟವರು ಇದನ್ನು ಕೇಳುವಂತಿಲ್ಲ.

ನಮ್ಮ ಫೋಟೋಗ್ರಾಫರ್ ಈಗ ಪೇಪರ್ ಬಿಟ್ಟಿದ್ದಾರೆ. ಬಸ್‌ಸ್ಟ್ಯಾಂಡ್ ಹತ್ತಿರ ಸ್ಟುಡಿಯೊ ಇದೆ, ಮದುವೆ ಕೆಲಸ ಕೈತುಂಬ. ಹೋದ ತಿಂಗಳು ಸಿಕ್ಕಾಗ ಕೇಳಿದೆ: "ಈಗಲೂ ಇನ್ನೊಂದ್ಸಲ ಸಾರ್ ಅಂತೀರಾ?"

"ಹಾರ ಬದಲಾಯಿಸೋದನ್ನ ಬೇಕಾದ್ರೆ ಮೂರು ಸಲ ಮಾಡಿಸ್ತೀನಿ ಸಾರ್" ಅಂದರು. "ತಾಳಿ ಕಟ್ಟೋವಾಗ ಹಂಗಾಗಲ್ಲ. ಪುರೋಹಿತ್ರು ಕಾಯಲ್ಲ, ಮುಹೂರ್ತ ಕಾಯಲ್ಲ. ಅರ್ಧ ಗಂಟೆ ಮೊದ್ಲೇ ಹೋಗಿ ಮಂಟಪದ ಪಕ್ಕ ನಿಂತ್ಕೊಂಡ್ಬಿಡ್ತೀನಿ."